ಹರಟೆ ನಮ್ಮದು, ಜಗುಲಿ ಯಾರದ್ದು?

'ಮೊದಲೆಲ್ಲ ಎಷ್ಟು ಚೆನ್ನಾಗಿತ್ತು! ದುಡ್ಡಿನಾಸೆಗೆ ಬಿದ್ದು ಕಂಪನಿಯವರೇ ಹಾಳು ಮಾಡಿಬಿಟ್ಟರು.' ಇಂಟರ್‌ನೆಟ್ ಬಳಸುವವರಲ್ಲಿ ಈ ಮಾತು ಆಡದವರು ವಿರಳ. ಫೇಸ್‌ಬುಕ್ ತೆರೆದರೆ ನೆಂಟರಿಷ್ಟರ ಸುದ್ದಿಗಿಂತ ಮೊದಲು ಜಾಹೀರಾತು ಎದುರಾಗುತ್ತದೆ, ಗೂಗಲ್‌ನಲ್ಲಿ ಹುಡುಕಿದ್ದು ಬಿಟ್ಟು ಮಾರಾಟಕ್ಕಿರುವುದೆಲ್ಲ ಸಿಗುತ್ತದೆ, ಟ್ವಿಟರ್ ಹೋಗಿ ಎಕ್ಸ್ ಆದಮೇಲೆ ಅತ್ತ ತಲೆ ಹಾಕಲೂ ಮನಸ್ಸಾಗುವುದಿಲ್ಲ. ದೂರುಗಳ ಪಟ್ಟಿ ಹೀಗೆ ಬೆಳೆಯುತ್ತಲೇ ಇರುತ್ತದೆ.

ಈ ಅವನತಿಗೆ ಮೂರು ಹಂತಗಳಿವೆ ಎಂದು ಲೇಖಕ ಕೋರಿ ಡಾಕ್ಟರೋ 2023ರ ಆರಂಭದಲ್ಲಿ ಬರೆದ ಪ್ರಬಂಧವೊಂದು ಜಗತ್ತಿನಾದ್ಯಂತ ಚರ್ಚೆಯಾಯಿತು. ಮೊದಲು ಬಳಕೆದಾರರಿಗೆ ಬೆಣ್ಣೆ ಹಚ್ಚುವುದು. ಅವರು ಕದಲಲಾರದಷ್ಟು ನೆಲೆಯೂರಿದ ಮೇಲೆ ಅವರನ್ನು ಹಿಂಡಿ ಜಾಹೀರಾತುದಾರರಿಗೂ ವ್ಯಾಪಾರಿಗಳಿಗೂ ಅನುಕೂಲ ಮಾಡಿಕೊಡುವುದು. ಅವರೂ ಬಿಟ್ಟುಹೋಗಲಾರರು ಎಂದಾದಾಗ ಅವರನ್ನೂ ಹಿಂಡಿ, ಲಾಭವನ್ನೆಲ್ಲ ತಾನೇ ಬಾಚಿಕೊಳ್ಳುವುದು. ಹಿಂಡುವ ಕೈಯ ಮೇಲೆ ನಮ್ಮೆಲ್ಲರ ಕಣ್ಣಿದೆ. ಬಿಟ್ಟುಹೋಗಲಾರದ ಸ್ಥಿತಿ ಹೇಗೆ ಬಂತು ಎಂದು ಕೇಳುವವರು ಮಾತ್ರ ಕಡಿಮೆ.

ಲಾಭದಾಸೆ ಯಾವ ಕಂಪನಿಗಿಲ್ಲ? ಆದರೂ ಅದೇ ಆಸೆಗೆ ಸಿಕ್ಕ ಕೆಲವು ಸಮುದಾಯಗಳು ಹೇಳಹೆಸರಿಲ್ಲದೆ ಹೋದವು, ಕೆಲವು ಬದುಕಿಕೊಂಡವು. ಪರರ ಮನೆಯ ಜಗುಲಿಯಲ್ಲಿ ಹರಟೆ ಎಷ್ಟೇ ರಂಗೇರಲಿ, ದೀಪ ಆರಿಸಿ ಬಾಗಿಲು ಹಾಕುವ ಅಧಿಕಾರ ಮನೆಯವರದ್ದೇ. ಎದ್ದು ಹೊರಟವರ ಕೈಯಲ್ಲಿ ಆಗ ಏನಿರುತ್ತದೆ ಎಂಬುದರ ಮೇಲೆ ಆ ಸಮುದಾಯದ ಹಣೆಬರಹ ನಿಂತಿರುತ್ತದೆ. ಮೂವತ್ತು ವರ್ಷಗಳ ಕೆಲವು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಟೈಪಿಸಿದವರು ಸಾವಿರ, ಮಾರಿದವರು ಬೇರೆ

ಹಾಡಿನ ಸಿ.ಡಿ.ಗಳ ಕಾಲ ನೆನಪಿರುವವರಿಗೆ ಇದು ಗೊತ್ತು. ಸಿ.ಡಿ.ಯನ್ನು ಕಂಪ್ಯೂಟರ್‌ಗೆ ಹಾಕಿದರೆ ಪರದೆಯ ಮೇಲೆ 'ಟ್ರ್ಯಾಕ್ 1, ಟ್ರ್ಯಾಕ್ 2' ಎಂದಷ್ಟೇ ಬರುತ್ತಿತ್ತು. ಸಾಮಾನ್ಯ ಸಿ.ಡಿ.ಯಲ್ಲಿ ಹಾಡಿನ ಹೆಸರೇ ಇರುತ್ತಿರಲಿಲ್ಲ. ಎಷ್ಟು ಹಾಡುಗಳಿವೆ, ಯಾವುದು ಎಷ್ಟನೇ ಕ್ಷಣಕ್ಕೆ ಶುರುವಾಗುತ್ತದೆ ಎಂಬ ಲೆಕ್ಕ ಮಾತ್ರ ಇರುತ್ತಿತ್ತು. ಟೀ ಕಾನ್ ಎಂಬ ಪ್ರೋಗ್ರಾಮರ್ 1993ರ ಸುಮಾರಿಗೆ ಇದಕ್ಕೊಂದು ಉಪಾಯ ಹುಡುಕಿದರು. ಹಾಡುಗಳು ಶುರುವಾಗುವ ಹೊತ್ತನ್ನೆಲ್ಲ ಲೆಕ್ಕ ಹಾಕಿ ಪ್ರತಿ ಸಿ.ಡಿ.ಗೂ ಎಂಟು ಅಕ್ಷರಗಳ ಒಂದು ಗುರುತು ಕೊಡುವುದು. ಆ ಗುರುತಿನ ಮುಂದೆ ಯಾರಾದರೂ ಒಬ್ಬರು ಒಮ್ಮೆ ಹಾಡುಗಳ ಹೆಸರು ಟೈಪಿಸಿ ಕಳಿಸಿದರೆ ಸಾಕು, ಜಗತ್ತಿನಲ್ಲಿ ಅದೇ ಸಿ.ಡಿ. ಹಾಕಿದ ಎಲ್ಲರ ಪರದೆಯಲ್ಲೂ ಹೆಸರುಗಳು ಮೂಡುತ್ತವೆ.

ಜನ ಉತ್ಸಾಹದಿಂದ ಟೈಪಿಸಿದರು. ಕವರಿನ ಹಿಂಬದಿ ನೋಡಿಕೊಂಡು, ಕಾಗುಣಿತ ತಿದ್ದಿಕೊಂಡು, ಬಿಡಿಗಾಸೂ ಕೇಳದೆ. ಸ್ಟೀವ್ ಶೆರ್ಫ್ ಸೇರಿಕೊಂಡು ಸರ್ವರ್ ಕಟ್ಟಿದರು. ಸಿಡಿಡಿಬಿ ಎಂಬ ಹೆಸರಿನ ಆ ಪಟ್ಟಿ ಬೆಳೆಯಿತು. 1998ರಲ್ಲಿ ಅದು ಎಸಿಯೆಂಟ್ ಎಂಬ ಕಂಪನಿಯ ಪಾಲಾಯಿತು, ಮುಂದೆ ಗ್ರೇಸ್‌ನೋಟ್ ಎಂದು ಹೆಸರು ಬದಲಿಸಿಕೊಂಡಿತು. ಪಟ್ಟಿ ಬಳಸುವ ತಂತ್ರಾಂಶಗಳ ಮೇಲೆ ಹೊಸ ಷರತ್ತು, ಹೊಸ ಶುಲ್ಕ ಬಂದವು. 2008ರಲ್ಲಿ ಸೋನಿ ಕಂಪನಿ ಅದನ್ನು 26 ಕೋಟಿ ಡಾಲರ್‌ಗೆ ಕೊಂಡಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎನ್ನುವುದು ಇದಕ್ಕೇ. ಟೈಪಿಸಿದವರಿಗೆ ಅದರಲ್ಲಿ ಪಾಲಿರಲಿಲ್ಲ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆರಂಭದ ದಿನಗಳ ಪಟ್ಟಿಯನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಹಂಚಲಾಗಿತ್ತು. ಸಿಟ್ಟಿಗೆದ್ದವರು ಆ ಹಳೆಯ ಪ್ರತಿಯನ್ನೇ ಬುನಾದಿಯಾಗಿಟ್ಟುಕೊಂಡು ಫ್ರೀಡಿಬಿ ಎಂಬ ಇನ್ನೊಂದು ಪಟ್ಟಿ ಕಟ್ಟಿದರು. ರಾಬರ್ಟ್ ಕೇ ಎಂಬ ಪ್ರೋಗ್ರಾಮರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮ್ಯೂಸಿಕ್‌ಬ್ರೇನ್ಸ್ ಶುರು ಮಾಡಿ, ಅದರ ಮೂಲ ಮಾಹಿತಿಯನ್ನು ಯಾರ ಹಕ್ಕಿಗೂ ಒಳಪಡದಂತೆ ಸಾರ್ವಜನಿಕಗೊಳಿಸಿದರು. ಲಾಭಕ್ಕಲ್ಲದ ಪ್ರತಿಷ್ಠಾನವೊಂದು ಅದನ್ನು ಇಂದಿಗೂ ನಡೆಸುತ್ತಿದೆ. ನಾಳೆ ಆ ಪ್ರತಿಷ್ಠಾನವೇ ದಾರಿ ತಪ್ಪಿದರೂ ಮಾಹಿತಿಯನ್ನು ಎತ್ತಿಕೊಂಡು ಹೋಗಿ ಬೇರೆಡೆ ಹೂಡಲು ಯಾರ ಅಪ್ಪಣೆಯೂ ಬೇಕಿಲ್ಲ.

ರೆಡ್ಡಿಟ್: ಮುಷ್ಕರ ಸೋತದ್ದೇಕೆ?

2023ರ ಬೇಸಿಗೆಯಲ್ಲಿ ಅಮೆರಿಕದ ರೆಡ್ಡಿಟ್‌ನಲ್ಲಿ ನಡೆದದ್ದು ಇದರ ತದ್ವಿರುದ್ಧದ ಕಥೆ. 2005ರಲ್ಲಿ ಸ್ಟೀವ್ ಹಫ್‌ಮನ್ ಮತ್ತು ಅಲೆಕ್ಸಿಸ್ ಒಹಾನಿಯನ್ ಶುರು ಮಾಡಿದ ಈ ತಾಣದಲ್ಲಿ ಅಡುಗೆಯಿಂದ ಹಿಡಿದು ಖಗೋಳ ವಿಜ್ಞಾನದವರೆಗೆ ಸಾವಿರಾರು ಗುಂಪುಗಳಿವೆ. ಹೊಲಸು ಬರಹ ತೆಗೆಯುವುದು, ಜಗಳ ಬಿಡಿಸುವುದು, ನಿಯಮ ರೂಪಿಸುವುದೆಲ್ಲ ಮಾಡರೇಟರ್‌ಗಳೆಂಬ ಸಂಬಳವಿಲ್ಲದ ಸ್ವಯಂಸೇವಕರ ಕೆಲಸ. ಅವರಲ್ಲಿ ಅನೇಕರು ಈ ಕೆಲಸಕ್ಕೆ ರೆಡ್ಡಿಟ್‌ನದೇ ಆ್ಯಪ್ ಬಿಟ್ಟು, ಹೊರಗಿನವರು ತಯಾರಿಸಿದ ಆ್ಯಪ್‌ಗಳನ್ನು ನೆಚ್ಚಿಕೊಂಡಿದ್ದರು.

ಆ ವರ್ಷ ರೆಡ್ಡಿಟ್ ಹೊರಗಿನ ಆ್ಯಪ್‌ಗಳಿಗೆ ಬೆಲೆ ಕಟ್ಟಿತು: 5 ಕೋಟಿ ಕೋರಿಕೆಗಳಿಗೆ 12,000 ಡಾಲರ್. ಕೋರಿಕೆ ಎಂದರೆ ಆ್ಯಪ್ ಪ್ರತಿ ಬಾರಿ ಸರ್ವರ್ ಬಾಗಿಲು ತಟ್ಟಿ ಮಾಹಿತಿ ಕೇಳುವುದು. ಒಂದು ಪುಟ ತೆರೆದರೆ, ಒಂದು ವೋಟ್ ಒತ್ತಿದರೆ, ಒಂದೊಂದೂ ಲೆಕ್ಕಕ್ಕೆ. ಅಪೋಲೊ ಎಂಬ ಜನಪ್ರಿಯ ಆ್ಯಪ್‌ನ ನಿರ್ಮಾತೃ ಕ್ರಿಶ್ಚಿಯನ್ ಸೆಲಿಗ್ ಲೆಕ್ಕ ಹಾಕಿ ನೋಡಿದರು. ತಮ್ಮ ಆ್ಯಪ್‌ನಿಂದ ತಿಂಗಳಿಗೆ ಹೋಗುತ್ತಿದ್ದ ಕೋರಿಕೆಗಳು 700 ಕೋಟಿ. ಅಂದರೆ ತಿಂಗಳ ಬಿಲ್ಲು ಸುಮಾರು 17 ಲಕ್ಷ ಡಾಲರ್, ವರ್ಷಕ್ಕೆ 2 ಕೋಟಿ ಡಾಲರ್. ಬಹುಮಟ್ಟಿಗೆ ಒಬ್ಬರೇ ಕಟ್ಟಿದ ಆ್ಯಪ್ ಅದು. ಜೂನ್ 30ರಂದು ಅಪೋಲೊ ಕದ ಮುಚ್ಚಿತು.

ಅದಕ್ಕೂ ಮುನ್ನ, ಜೂನ್ 12ರಂದು ಎಂಟು ಸಾವಿರಕ್ಕೂ ಹೆಚ್ಚು ಗುಂಪುಗಳು ಬಾಗಿಲು ಹಾಕಿ ಪ್ರತಿಭಟಿಸಿದವು. ಹಫ್‌ಮನ್ ಜಗ್ಗಲಿಲ್ಲ. ಗುಂಪು ತೆರೆಯದಿದ್ದರೆ ಬೇರೆ ಮಾಡರೇಟರ್‌ಗಳನ್ನು ಕೂರಿಸುತ್ತೇವೆ ಎಂಬ ಎಚ್ಚರಿಕೆ ಬಂತು. ಚಿತ್ರಗಳ ಗುಂಪೊಂದು ತೆರೆದ ಶಾಸ್ತ್ರ ಮಾಡಿ, ಇನ್ನು ಮುಂದೆ ಇಲ್ಲಿ ಟಿ.ವಿ. ಹಾಸ್ಯಗಾರ ಜಾನ್ ಆಲಿವರ್‌ನ ಚಿತ್ರ ಮಾತ್ರ ಹಾಕಬೇಕು ಎಂದು ನಿಯಮ ಮಾಡಿತು. ಆಲಿವರ್ ಖುದ್ದಾಗಿ ತನ್ನ ಚಿತ್ರಗಳನ್ನು ಹಂಚಿಕೊಂಡು ಬೆಂಬಲಿಸಿದ. ಜನ ನಕ್ಕರು, ಪತ್ರಿಕೆಗಳು ಬರೆದವು, ಕಂಪನಿಯ ನಿರ್ಧಾರ ಕದಲಲಿಲ್ಲ.

ಕೆಲವರು ಲೆಮ್ಮಿ ಎಂಬ ಮುಕ್ತ ತಾಣಕ್ಕೆ ಗುಳೆ ಹೋದರು. ಹೆಚ್ಚಿನವರು ವಾಪಸಾದರು. ಕಾರಣ ಸರಳ. ಗುಂಪು ಬೇರೆಡೆ ಹೋಗಬಹುದು, ಆದರೆ ಅದು ಹದಿನೈದು ವರ್ಷ ಕೂಡಿಟ್ಟ ಪ್ರಶ್ನೋತ್ತರವನ್ನು ಹೊತ್ತೊಯ್ಯುವ ದಾರಿ ಇರಲಿಲ್ಲ. ಬರೆದವರ ಹಕ್ಕು ಬರೆದವರದೇ ಎಂದು ಕರಾರಿನಲ್ಲಿದೆ ನಿಜ. ಆದರೆ ಒಂದು ಚರ್ಚೆಯಲ್ಲಿ ಮುನ್ನೂರು ಜನ ಬರೆದಿದ್ದರೆ ಅಷ್ಟೂ ಜನರನ್ನು ಹುಡುಕಿ ಒಪ್ಪಿಗೆ ಪಡೆಯುವವರು ಯಾರು? ಅಷ್ಟನ್ನೂ ಒಟ್ಟಾಗಿ ಬಳಸುವ, ಮಾರುವ ಅನುಮತಿ ಇದ್ದದ್ದು ಕಂಪನಿಗೆ ಮಾತ್ರ. ಕೃತಕ ಬುದ್ಧಿಮತ್ತೆಯ ತರಬೇತಿಗೆ ಈ ಬರಹಗಳನ್ನು ಗೂಗಲ್‌ಗೆ ಒದಗಿಸಲು ವರ್ಷಕ್ಕೆ ಸುಮಾರು 6 ಕೋಟಿ ಡಾಲರ್‌ನ ಒಪ್ಪಂದವಾಗಿದೆ ಎಂದು 2024ರ ಫೆಬ್ರವರಿಯಲ್ಲಿ ರಾಯ್ಟರ್ಸ್ ವರದಿ ಮಾಡಿತು. ಮರುತಿಂಗಳು ರೆಡ್ಡಿಟ್ ಷೇರುಪೇಟೆಗೆ ಬಂತು, ಷೇರಿಗೆ 34 ಡಾಲರ್. ಮಾಡರೇಟರ್‌ಗಳನ್ನು ಮರೆಯಲಿಲ್ಲ: ಅವರಲ್ಲಿ ಕೆಲವರಿಗೆ ಅದೇ ಬೆಲೆ ತೆತ್ತು ಷೇರು ಕೊಳ್ಳುವ ಅವಕಾಶ ಕೊಡಲಾಯಿತು.

ಗಂಟು ಕಟ್ಟಿ ಹೊರಟವರು

ಹೊರಡಬಲ್ಲವರು ಏನು ಮಾಡಬಲ್ಲರು ಎಂಬುದಕ್ಕೆ ವಿಕಿಪೀಡಿಯದ ಬಾಲ್ಯದಲ್ಲೇ ಒಂದು ಉದಾಹರಣೆ ಇದೆ. ಇಂದು ಜಾಹೀರಾತಿಲ್ಲದ ವಿಶ್ವಕೋಶವೆಂದು ಹೆಸರಾದ ಅದು ಹುಟ್ಟಿದ್ದು ಜಿಮ್ಮಿ ವೇಲ್ಸ್ ಸಹ-ಸಂಸ್ಥಾಪಕರಾಗಿದ್ದ ಬೋಮಿಸ್ ಎಂಬ ಕಂಪನಿಯ ಆಶ್ರಯದಲ್ಲಿ. ಖರ್ಚು ತೂಗಿಸಲು ಮುಂದೆ ಜಾಹೀರಾತು ಹಾಕಬೇಕಾಗಬಹುದು ಎಂದು 2002ರ ಫೆಬ್ರವರಿಯಲ್ಲಿ ವಿಕಿಪೀಡಿಯದ ಸಹ-ಸಂಸ್ಥಾಪಕ ಲ್ಯಾರಿ ಸ್ಯಾಂಗರ್ ಬರೆದರು. ಸ್ಪ್ಯಾನಿಷ್ ವಿಕಿಪೀಡಿಯದ ಬರಹಗಾರರು ಕೆರಳಿದರು. ಲೇಖನಗಳು ಮುಕ್ತ ಪರವಾನಗಿಯಲ್ಲಿದ್ದವು. ಅಷ್ಟನ್ನೂ ನಕಲು ಮಾಡಿಕೊಂಡು, ಸ್ಪೇನಿನ ಸೆವಿಲ್ ವಿಶ್ವವಿದ್ಯಾಲಯದ ಸರ್ವರ್‌ನಲ್ಲಿ ಬೇರೆ ವಿಶ್ವಕೋಶವನ್ನೇ ತೆರೆದುಬಿಟ್ಟರು. ಬಹುಪಾಲು ಸ್ಪ್ಯಾನಿಷ್ ಬರಹಗಾರರು ಜೊತೆಗೆ ಹೊರಟರು.

ಆ ಹೊಸ ವಿಶ್ವಕೋಶ ಬಹಳ ಕಾಲ ಮೇಲುಗೈ ಉಳಿಸಿಕೊಳ್ಳಲಿಲ್ಲ. ಆದರೆ ಕೆಲಸ ಆಗಿತ್ತು. ಅದೇ ವರ್ಷ ವಿಕಿಪೀಡಿಯ 'ಡಾಟ್ ಕಾಮ್' ಬಿಟ್ಟು 'ಡಾಟ್ ಆರ್ಗ್' ವಿಳಾಸಕ್ಕೆ ಬಂತು. 2003ರಲ್ಲಿ ವಿಕಿಮೀಡಿಯ ಪ್ರತಿಷ್ಠಾನ ಹುಟ್ಟಿತು. ಜಾಹೀರಾತಿನ ಮಾತು ಅಲ್ಲಿಗೆ ನಿಂತಿತು. ಹೋಗಬಲ್ಲರು ಎಂಬ ಭಯವೇ ಉಳಿದವರನ್ನು ಕಾಯಿತು.

ಪ್ರವಾಸಿಗರು ಸೇರಿ ಬರೆದ ವಿಕಿಟ್ರಾವೆಲ್‌ನ ಕಥೆಯೂ ಇಂಥದ್ದೇ. 2003ರಲ್ಲಿ ಮಾಂಟ್ರಿಯಲ್‌ನ ದಂಪತಿ ಆರಂಭಿಸಿದ ಈ ತಾಣವನ್ನು 2006ರಲ್ಲಿ ಇಂಟರ್‌ನೆಟ್ ಬ್ರಾಂಡ್ಸ್ ಎಂಬ ಕಂಪನಿ ಕೊಂಡಿತು. ಜರ್ಮನ್ ಬರಹಗಾರರು ಆ ವರ್ಷವೇ ತಮ್ಮ ಪುಟಗಳನ್ನು ಎತ್ತಿಕೊಂಡು ಹೋಗಿ ವಿಕಿವಾಯೇಜ್ ಕಟ್ಟಿದರು, ಇಟಾಲಿಯನ್ನರು ಹಿಂಬಾಲಿಸಿದರು. 2012ರಲ್ಲಿ ಇಂಗ್ಲಿಷ್ ಬರಹಗಾರರೂ ಹೊರಡಲು ನಿಂತಾಗ ಕಂಪನಿ ಇಬ್ಬರು ಸ್ವಯಂಸೇವಕರ ಮೇಲೆ ಮೊಕದ್ದಮೆ ಹೂಡಿತು. ಪ್ರಯೋಜನವಾಗಲಿಲ್ಲ. 2013ರ ಜನವರಿಯಲ್ಲಿ ವಿಕಿವಾಯೇಜ್ ವಿಕಿಪೀಡಿಯದ ಸೋದರ ತಾಣವಾಗಿ ಲೋಕಾರ್ಪಣೆಯಾಯಿತು. ರೆಡ್ಡಿಟ್‌ನವರಿಗಿಂತ ಇವರ ಸಿಟ್ಟೇನೂ ದೊಡ್ಡದಿರಲಿಲ್ಲ, ಸಂಖ್ಯೆಯಂತೂ ಬಹಳ ಚಿಕ್ಕದು. ಇವರ ಬಳಿ ಇದ್ದದ್ದು ಪುಟದ ಬುಡದಲ್ಲಿ ಸಣ್ಣಕ್ಷರದಲ್ಲಿದ್ದ ಒಂದು ಸಾಲಿನ ಪರವಾನಗಿ: ಹೆಸರು ಹೇಳಿ, ಇದೇ ಷರತ್ತಿನಲ್ಲಿ ಯಾರು ಬೇಕಾದರೂ ಬಳಸಿಕೊಳ್ಳಿ ಎಂಬುದು.

ತೆರೆದ ಬಾಗಿಲಿನ ಇನ್ನೊಂದು ಬದಿ

ಹಾಗೆಂದು ಮುಕ್ತ ಪರವಾನಗಿಯೊಂದಿದ್ದರೆ ಎಲ್ಲ ಸಲೀಸು ಎನ್ನುವಂತಿಲ್ಲ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ಅನ್ನು ನೋಡಿ. 2008ರಲ್ಲಿ ಶುರುವಾದಾಗಿನಿಂದ ಅಲ್ಲಿಯ ಉತ್ತರಗಳೆಲ್ಲ ಮುಕ್ತ ಪರವಾನಗಿಯಲ್ಲಿವೆ, ಬೆಂಗಳೂರಿನ ಐ.ಟಿ. ಕಚೇರಿಗಳಲ್ಲಿ ಅವುಗಳ ನೆರವಿಲ್ಲದೆ ಕೋಡ್ ಬರೆದವರನ್ನು ಹುಡುಕುವುದು ಕಷ್ಟ. 2021ರಲ್ಲಿ ನೆದರ್ಲೆಂಡ್ಸ್‌ನ ಪ್ರೋಸಸ್ ಅದನ್ನು 180 ಕೋಟಿ ಡಾಲರ್‌ಗೆ ಕೊಂಡಿತು. ಉತ್ತರಗಳ ಇಡೀ ಗಂಟನ್ನು ಕಾಲಕಾಲಕ್ಕೆ ಸಾರ್ವಜನಿಕಗೊಳಿಸುವ ಪದ್ಧತಿ 2023ರಲ್ಲಿ ಸದ್ದಿಲ್ಲದೆ ನಿಂತಾಗ ಸಮುದಾಯ ಹುಯಿಲೆಬ್ಬಿಸಿತು, ಆಗಲೇ ಬೇರೊಂದು ಕಾರಣಕ್ಕೆ ಮುಷ್ಕರ ಹೂಡಿದ್ದ ಮಾಡರೇಟರ್‌ಗಳೂ ದನಿಗೂಡಿಸಿದರು, ಪದ್ಧತಿ ಮತ್ತೆ ಶುರುವಾಯಿತು. ಇಲ್ಲಿಯವರೆಗೆ ಗೆಲುವೇ.

ಮರುವರ್ಷ ಕಂಪನಿ ಓಪನ್‌ಎಐ ಜೊತೆ ಕೈಜೋಡಿಸಿತು. ಬೇಸತ್ತ ಕೆಲವರು ತಮ್ಮ ಉತ್ತರಗಳನ್ನು ತಾವೇ ಅಳಿಸಹೊರಟರು. ಅಳಿಸಿದ್ದನ್ನು ಮತ್ತೆ ಹಾಕಿ, ಅವರ ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲಾಯಿತು. ಎಲ್ಲರಿಗೂ ಎಂದು ಕೊಟ್ಟಮೇಲೆ ಆ ಎಲ್ಲರಲ್ಲಿ ನಮಗೆ ಹಿಡಿಸದವರೂ ಬರುತ್ತಾರೆ, ಕೊಟ್ಟದ್ದನ್ನು ಹಿಂತೆಗೆಯಲಾಗದು. ಈ ಬೆಲೆ ದುಬಾರಿಯೇ. ಆದರೂ ರೆಡ್ಡಿಟ್‌ನ ಕರಾರಿನೊಂದಿಗೆ ಹೋಲಿಸಿದರೆ ಒಂದು ವ್ಯತ್ಯಾಸ ಕಾಣುತ್ತದೆ. ಅಲ್ಲಿ ಕಂಪನಿಗೆ ಮಾತ್ರ ಇರುವ ಅಧಿಕಾರ ಇಲ್ಲಿ ಸಮುದಾಯಕ್ಕೂ ಇದೆ.

ಖಳನಾಯಕನಿಲ್ಲದ ಸೆರೆ

ಕನ್ನಡದ ಅನುಭವ ಈ ಮಾತಿಗೆ ಇನ್ನೊಂದು ಎಳೆ ಸೇರಿಸುತ್ತದೆ. ಆರ್ಕುಟ್ ಎಂಬ ಸಾಮಾಜಿಕ ಜಾಲತಾಣ ಭಾರತದಲ್ಲಿ ಮೆರೆದ ದಿನಗಳಲ್ಲಿ ಸಿನಿಮಾ, ಸಾಹಿತ್ಯ, ಊರು, ಕಾಲೇಜುಗಳ ಹೆಸರಿನಲ್ಲಿ ಕನ್ನಡಿಗರೂ ಕೂಟ ಕಟ್ಟಿದ್ದರು. 2014ರ ಸೆಪ್ಟೆಂಬರ್ 30ರಂದು ಗೂಗಲ್ ಅದನ್ನು ಮುಚ್ಚಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಹೋಯಿತು. ಅಲ್ಲಿ ನಡೆದ ವಾದ ವಿವಾದಗಳು ಬಹುಪಾಲು ಈಗ ಯಾರ ಕೈಗೂ ಸಿಗವು. ಇದು ಕಂಪನಿಗಳ ಲೆಕ್ಕಾಚಾರದ ಫಲ ಎನ್ನೋಣ.

ಆದರೆ ಇದಕ್ಕಿಂತ ಹೆಚ್ಚಿನ ಕನ್ನಡ ಬರಹ ಸಿಕ್ಕಿಹಾಕಿಕೊಂಡದ್ದು ಯಾವ ದುರಾಸೆಯೂ ಇಲ್ಲದ ಕಡೆ. ಕಂಪ್ಯೂಟರ್‌ನಲ್ಲಿ ಕನ್ನಡ ಎಂದರೆ ಬಹುಕಾಲ ಬರಹ ಮತ್ತು ನುಡಿ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳನ್ನೆಲ್ಲ ಹೊಕ್ಕಿತು. ಎರಡೂ ಜನರ ಕೈಗೆ ಉಚಿತವಾಗಿ ಸಿಕ್ಕವು, ಎರಡರ ಹಿಂದೆಯೂ ಭಾಷೆಯ ಮೇಲಿನ ಅಕ್ಕರೆಯಿತ್ತು. ಆದರೆ ಆ ಕಾಲದ ಫಾಂಟ್‌ಗಳ ಒಳಗುಟ್ಟು ಬೇರೆಯಿತ್ತು. ಕಂಪ್ಯೂಟರ್ ಉಳಿಸಿಕೊಳ್ಳುತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತವನ್ನು. ಫಾಂಟ್ ಆ ಜಾಗದಲ್ಲಿ ಕನ್ನಡದ ಆಕಾರ ಬಿಡಿಸುತ್ತಿತ್ತು. ತಲೆಕಟ್ಟು ಒಂದು ತುಂಡು, ಕೊಂಬು ಒಂದು ತುಂಡು, ಒತ್ತು ಇನ್ನೊಂದು ತುಂಡು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕಡತ ತೆರೆದರೆ ಪರದೆ ತುಂಬ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಂತೆ. ಸರ್ಚ್ ಎಂಜಿನ್‌ಗಂತೂ ಅದು ಕನ್ನಡವೇ ಅಲ್ಲ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಅಲ್ಲಿ 'ಕ್ಷ' ಎಂದು ಬರೆದರೆ ಕ, ಹಲಂತ, ಷ ಎಂಬ ಮೂರು ಸಂಕೇತಗಳು ಕೂಡುತ್ತವೆ; ಆಕಾರ ಬಿಡಿಸುವುದು ಆಮೇಲಿನ ಕೆಲಸ, ಯಾವ ಫಾಂಟ್ ಆದರೂ ಸರಿ. ಆದರೂ ಡಿ.ಟಿ.ಪಿ. ಅಂಗಡಿ, ಮುದ್ರಣಾಲಯ, ಕಚೇರಿಗಳಲ್ಲಿ ಹಳೆಯ ವಿಧಾನ ವರ್ಷಾನುಗಟ್ಟಲೆ ಮುಂದುವರಿಯಿತು. ಹಳೆಯ ಕಡತಗಳನ್ನು ಬಿಡಿಸಲು ಆಸಕ್ತರು ಪರಿವರ್ತಕಗಳನ್ನು ಬರೆದರು. ಒತ್ತಕ್ಷರ, ಅರ್ಕಾವತ್ತು ತಪ್ಪಿದಲ್ಲೆಲ್ಲ ಕೂತು ತಿದ್ದಿದರು. ಬರಹ, ನುಡಿಗಳೂ ಯೂನಿಕೋಡ್ ಒಪ್ಪಿಕೊಂಡವು. ಸೆರೆಗೆ ಖಳನಾಯಕನೇ ಬೇಕೆಂದಿಲ್ಲ, ಹೊರಡುವ ದಾರಿಯನ್ನು ಮೊದಲೇ ಯೋಚಿಸದಿದ್ದರೆ ಸಾಕು ಎಂಬುದು ಇಲ್ಲಿಂದ ಕಲಿಯಬೇಕಾದ ಪಾಠ.

ಈ ಪಾಠ ಕಲಿತವರೂ ನಮ್ಮಲ್ಲಿದ್ದಾರೆ. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು, ಲೇಖಕ ನಿರಂಜನರ ಕುಟುಂಬ ಅವರ ಕೃತಿಗಳನ್ನು 2014ರಲ್ಲಿ ಮುಕ್ತ ಪರವಾನಗಿಗೆ ಒಪ್ಪಿಸಿದಾಗ ಅವು ವಿಕಿಪೀಡಿಯದ ಸೋದರ ತಾಣ ವಿಕಿಸೋರ್ಸ್ ಸೇರುವ ದಾರಿ ತೆರೆಯಿತು. ಯಾವುದೇ ಒಂದು ತಾಣ ನಾಳೆ ಮುಚ್ಚಿದರೂ ಅವನ್ನು ಇನ್ನೊಂದೆಡೆ ಇಡಲು ಅಡ್ಡಿಯಿಲ್ಲ.

ನಂಬರ್ ಒಯ್ಯಬಹುದು, ಗ್ರೂಪ್ ಒಯ್ಯಲಾಗದು

ಇಂದು ಕನ್ನಡದ ಹರಟೆಯ ದೊಡ್ಡ ಪಾಲು ನಡೆಯುವುದು ವಾಟ್ಸ್ಆ್ಯಪ್‌ನಲ್ಲಿ. 2021ರ ಜನವರಿಯಲ್ಲಿ ಅದು ಹೊಸ ಖಾಸಗಿತನ ನೀತಿ ತಂದಾಗ ಜನ ಸಿಗ್ನಲ್‌ಗೆ, ಟೆಲಿಗ್ರಾಂಗೆ ಮುಗಿಬಿದ್ದರು. ಸಿಗ್ನಲ್ ಪ್ರತಿಷ್ಠಾನಕ್ಕೆ 5 ಕೋಟಿ ಡಾಲರ್ ಕೊಟ್ಟು ಬೆನ್ನಿಗೆ ನಿಂತಿದ್ದವರು ವಾಟ್ಸ್ಆ್ಯಪ್ ಕಟ್ಟಿದವರಲ್ಲೇ ಒಬ್ಬರಾದ ಬ್ರಯಾನ್ ಆ್ಯಕ್ಟನ್ ಎಂಬುದು ವಿಚಿತ್ರ. ಆದರೆ ಅಪಾರ್ಟ್‌ಮೆಂಟಿನ ನೀರಿನ ಸುದ್ದಿ, ಮಗನ ಶಾಲೆಯ ಹೋಂವರ್ಕ್, ಅತ್ತೆಮನೆಯ ಗ್ರೂಪ್ ಎಲ್ಲ ಹಳೆಯ ಕಡೆಯೇ ಇರುವಾಗ ಒಬ್ಬರು ಹೊರಟು ಏನು ಮಾಡಿಯಾರು? ಮಾತುಕತೆಯ ಪ್ರತಿಯನ್ನು ಹೊರತೆಗೆಯುವ ಸೌಲಭ್ಯ ಇದೆ. ಜನರನ್ನು ಹೊರತೆಗೆಯುವ ಸೌಲಭ್ಯ ಇಲ್ಲ. ಆ ನೀತಿಗಾಗಿ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ವಾಟ್ಸ್ಆ್ಯಪ್‌ನ ಒಡೆಯ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ದಂಡ ಕಟ್ಟಿದ ಮಾತ್ರಕ್ಕೆ ಬಳಕೆದಾರರಿಗೆ ಹೊರಡುವ ದಾರಿಯೇನೂ ತೆರೆಯುವುದಿಲ್ಲ.

ಈ ದಾರಿಯನ್ನು ಕಾನೂನು ತೆರೆಯಬಲ್ಲದು, ಅದು ನಮಗೆ ಗೊತ್ತಿರುವ ವಿಷಯವೇ. 2011ರ ಜನವರಿಯಲ್ಲಿ ದೇಶದಾದ್ಯಂತ ಮೊಬೈಲ್ ನಂಬರ್ ಪೋರ್ಟಬಿಲಿಟಿ ಬಂದಮೇಲೆ ಹಳೆಯ ನಂಬರ್ ಇಟ್ಟುಕೊಂಡೇ ಕಂಪನಿ ಬದಲಿಸಬಹುದಾಯಿತು. 2016ರಲ್ಲಿ ಬಂದ ಯುಪಿಐನಲ್ಲಿ ಫೋನ್‌ಪೇ ಇರುವವರು ಗೂಗಲ್ ಪೇ ಇರುವ ತರಕಾರಿ ಅಂಗಡಿಗೆ ಹಣ ಕಳಿಸುವಾಗ ಎರಡನೇ ಯೋಚನೆ ಮಾಡುವುದಿಲ್ಲ. ಸಂದೇಶಗಳಿಗೂ ಇದೇ ನ್ಯಾಯ ಅನ್ವಯಿಸಬೇಕೆಂದು ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ದೊಡ್ಡ ಕಂಪನಿಗಳಿಗೆ ತಾಕೀತು ಮಾಡಿದೆ. ನಮ್ಮಲ್ಲಿ 2019ರ ದತ್ತಾಂಶ ಮಸೂದೆಯಲ್ಲಿ ಮಾಹಿತಿಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು ಇತ್ತು. 2023ರಲ್ಲಿ ಕಾಯ್ದೆಯಾಗಿ ಬಂದಾಗ ಅದು ಮಾಯವಾಗಿತ್ತು.

ಕಂಪನಿಗಳನ್ನು ಬಯ್ಯುವುದರಿಂದ ಮನಸ್ಸು ಹಗುರಾಗಬಹುದು. ಬಯ್ಯುವ ಹೊತ್ತಿನಲ್ಲಿ ಅರ್ಧವನ್ನಾದರೂ ಮೊದಲೇ ಬೇರೆ ಪ್ರಶ್ನೆಗಳಿಗೆ ಕೊಡುವುದು ಮೇಲು. ಸಂಘದ, ಶಾಲೆಯ, ಓದುಗರ ಬಳಗದ ಹೊಸ ಗುಂಪು ತೆರೆಯುವಾಗ ಕೇಳಬೇಕಾದವು ಮೂರು: ಇಲ್ಲಿ ಬರೆದದ್ದನ್ನು ಒಟ್ಟಾಗಿ ಹೊರತೆಗೆಯಬಹುದೆ? ತೆಗೆದದ್ದನ್ನು ಇನ್ನೊಂದು ತಂತ್ರಾಂಶ ಓದಬಲ್ಲದೆ? ಅದನ್ನು ಬೇರೆಡೆ ಹಾಕಲು ಬರೆದವರ ಒಪ್ಪಿಗೆ ಮೊದಲೇ ಇದೆಯೆ? ಮೂರಕ್ಕೂ ಹೌದು ಎಂಬ ಉತ್ತರ ಸಿಕ್ಕರೆ ಕಂಪನಿಯ ಮಾಲೀಕರು ಸಜ್ಜನರೋ ಅಲ್ಲವೋ ಎಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಮೂರಕ್ಕೂ ಇಲ್ಲ ಎಂದಾದರೆ, ಅಲ್ಲಿ ಹರಟಬಹುದು. ವರ್ಷಗಟ್ಟಲೆ ದುಡಿದು ಕೂಡಿಡುವ ಯಾವುದನ್ನೂ ಅಲ್ಲಿ ಮಾತ್ರ ಇಡಬಾರದು.